ಮೋಟಾರಿನ ಅಂದವೂ ಹಿಂದಿನ ಬಾಗಿಲೂ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹ)



ಮೋಟಾರು ಕಾರುಗಳ ರೂಪವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ಆಜ್ಞೆ ಮಾಡಿದ್ದಾರೆ. ನಾನು ಎಂಜಿನಿಯರನಲ್ಲ, ಚಿತ್ರಕಾರನೂ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ ಗುಮಾಸ್ತ. ಆದರೆ ಮೊದಲು ತಿರುವನಂತಪುರದಲ್ಲಿ, ಈಗ ಇಲ್ಲಿ ಎರ್ನಾಕುಳದಲ್ಲಿ, ವಾಹನ ಸಾಲದ ಮೇಜು ನನ್ನ ಪಾಲಿಗೆ ಬಂದಿದೆ. ಕಾರಿನ ನಕ್ಷೆ ಬರೆಯುವವರನ್ನು ನಾನು ಕಂಡವನಲ್ಲ. ಕೊಳ್ಳುವವರನ್ನು ಮಾತ್ರ ದಿನವೂ ಕಾಣುತ್ತೇನೆ. ಆ ಮೇಜಿನ ಈಚೆಗೆ ಕುಳಿತು ನೋಡಿದ ಒಂದು ಸಂಗತಿಯಿಂದಲೇ ಆರಂಭಿಸುತ್ತೇನೆ.

ಮೊದಲ ಸಲ ಸಾಲದ ವಿಚಾರಣೆಗೆ ಬರುವವರು ಸಾಮಾನ್ಯವಾಗಿ ಯಜಮಾನರು, ಒಬ್ಬರೇ. ಕೈಯಲ್ಲಿ ಬಣ್ಣದ ಕರಪತ್ರವಿರುತ್ತದೆ. ಅದರಲ್ಲಿ ಕಾರಿನ ಮುಂಭಾಗದ ಚಿತ್ರ ದೊಡ್ಡದಾಗಿ ಇರುತ್ತದೆ. ದೀಪಗಳು ಹುಲಿಯ ಕಣ್ಣಿನಂತೆ ಓರೆಯಾಗಿರುತ್ತವೆ. ಅವರು ಆ ಮುಖಕ್ಕೆ ಮನಸೋತಿರುತ್ತಾರೆ. ಎರಡು ವಾರ ಕಳೆದು ಅರ್ಜಿ ತುಂಬುವುದಕ್ಕೆ ಬರುವಾಗ ಜೊತೆಯಲ್ಲಿ ಮನೆಯವರೂ ಬಂದಿರುತ್ತಾರೆ. ಅರ್ಜಿಯಲ್ಲಿ ಬರೆಯುವ ಕಾರಿನ ಹೆಸರು ಎಷ್ಟೋ ಸಲ ಬೇರೆಯೇ ಆಗಿರುತ್ತದೆ. ಏಕೆ ಸ್ವಾಮಿ ಎಂದು ಕೇಳಿದರೆ ಉತ್ತರ ಹೀಗಿರುತ್ತದೆ: “ಅಮ್ಮನಿಗೆ ಹತ್ತುವುದಕ್ಕಾಗಲಿಲ್ಲ.” “ಹಿಂದೆ ಕೂತರೆ ಉಸಿರು ಕಟ್ಟಿದ ಹಾಗಾಗುತ್ತದೆ ಅಂದಳು.” “ಊರಿಗೆ ಹೋಗುವಾಗ ಪೆಟ್ಟಿಗೆ ಇಡುವುದೆಲ್ಲಿ?” ಕಾರನ್ನು ಮೆಚ್ಚುವುದು ಮುಂದಿನಿಂದ, ಕೊಳ್ಳುವುದು ಹಿಂದಿನ ಬಾಗಿಲು ತೆರೆದು ನೋಡಿದ ಮೇಲೆ. ಅದನ್ನೇ ಸ್ವಲ್ಪ ವಿಸ್ತರಿಸಿ ಹೇಳುವುದು ಇವತ್ತಿನ ನನ್ನ ಕೆಲಸ.

ಕಾರಿಗೆ ಅಂದ ಕೊಡುವುದೇ ಒಂದು ಪ್ರತ್ಯೇಕ ಉದ್ಯೋಗವಾದದ್ದು ಅಮೆರಿಕದಲ್ಲಿ. 1927ರಲ್ಲಿ ಜನರಲ್ ಮೋಟರ್ಸ್ ಕಂಪನಿ ಹಾರ್ಲಿ ಅರ್ಲ್ ಎಂಬಾತನ ಕೈಕೆಳಗೆ ಕಲೆ ಮತ್ತು ಬಣ್ಣದ ವಿಭಾಗವೊಂದನ್ನು ತೆರೆಯಿತು. ಅದಕ್ಕೆ ಮೊದಲು ಎಂಜಿನಿಯರುಗಳು ಯಂತ್ರವನ್ನು ಮಾಡಿ ಅದರ ಮೇಲೆ ಹೇಗೋ ಒಂದು ಪೆಟ್ಟಿಗೆಯನ್ನು ಕೂರಿಸುತ್ತಿದ್ದರು. ಅರ್ಲ್ ಬಂದ ಮೇಲೆ ಕಾರು ಉದ್ದವಾಯಿತು, ತಗ್ಗಾಯಿತು. 1948ರ ಕ್ಯಾಡಿಲಾಕಿಗೆ ಯುದ್ಧ ವಿಮಾನವನ್ನು ಕಂಡು ಕಲ್ಪಿಸಿದ ಬಾಲದ ರೆಕ್ಕೆಗಳು ಬಂದವು. ಆ ರೆಕ್ಕೆಗಳಿಂದ ಕಾರಿಗೆ ಯಾವ ಪ್ರಯೋಜನವೂ ಇರಲಿಲ್ಲ; ಜನ ಮಾತ್ರ ಮುಗಿಬಿದ್ದು ಕೊಂಡರು. ಹಾಗೆಂದು ಅಲಂಕಾರ ಯಾವಾಗಲೂ ಗೆಲ್ಲುತ್ತದೆ ಎಂದು ತಿಳಿಯಬಾರದು. 1957ರಲ್ಲಿ ಫೋರ್ಡ್ ಕಂಪನಿ ಎಡ್ಸೆಲ್ ಎಂಬ ಕಾರನ್ನು ಮಹಾ ಆರ್ಭಟದಿಂದ ಹೊರತಂದಿತು. ಅದರ ಮೂತಿಯ ನಡುವೆ ನಿಲುವಾದ ಒಂದು ಕಂಡಿ. ನೋಡಿದವರು ಕುದುರೆಯ ಕೊರಳಪಟ್ಟಿಯಂತಿದೆ ಎಂದು ನಕ್ಕರು. 1959ರಲ್ಲೇ ಅದನ್ನು ನಿಲ್ಲಿಸಬೇಕಾಯಿತು. ನಷ್ಟ ಸುಮಾರು 25 ಕೋಟಿ ಡಾಲರು. ಆ ಸೋಲಿಗೆ ಬೆಲೆ, ಆಗಿನ ಮುಗ್ಗಟ್ಟು, ಕಾರ್ಖಾನೆಯ ಅಜಾಗರೂಕತೆ ಎಲ್ಲವೂ ಕೂಡಿದ್ದವು. ಆದರೆ ಜನರ ಬಾಯಲ್ಲಿ ಉಳಿದದ್ದು ಆ ಮೂತಿಯೊಂದೇ.

ಅಮೆರಿಕದ ಮಾತು ಅಲ್ಲಿಗೆ ಸಾಕು. ಅಲ್ಲಿ ಕಾರನ್ನು ನಡೆಸುವವನೇ ಕಾರಿನ ರಾಜ. ನಮ್ಮಲ್ಲಿ ಹಾಗಲ್ಲವಷ್ಟೆ. ಮನೆಗೆ ಬಂದ ಹಿರಿಯರನ್ನು ಬಾಗಿಲ ಬಳಿಯ ಮಣೆಯ ಮೇಲೆ ಕೂರಿಸುತ್ತೇವೆಯೇ? ಒಳಗೆ ಕರೆದು ನಡುಮನೆಯಲ್ಲಿ ಕೂರಿಸುತ್ತೇವೆ. ಕಾರಿನಲ್ಲಿ ನಡುಮನೆಯೆಂದರೆ ಹಿಂದಿನ ಸೀಟು. ಅತ್ತೆ, ಮಾವ, ಬಾಣಂತಿ, ಮದುಮಗಳು, ಮಂತ್ರಿ, ಮಠಾಧಿಪತಿ ಎಲ್ಲರ ಸ್ಥಾನವೂ ಅಲ್ಲೇ. ಆದ್ದರಿಂದ ನಮ್ಮ ದೇಶದಲ್ಲಿ ಕಾರಿನ ರೂಪ ಗೆದ್ದಿತೋ ಸೋತಿತೋ ಎಂಬುದನ್ನು ಆ ಸೀಟಿಗೆ ಹೋಗುವ ದಾರಿಯಿಂದ ಅಳೆಯಬೇಕು.

ಅಂಬಾಸಡರ್ ಕಾರನ್ನೇ ನೋಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯನ್ನು ತಂದು 1957ರಿಂದ ಬಂಗಾಳದ ಉತ್ತರಪಾಡಾದಲ್ಲಿ ಮಾಡಿದರು. 2014ರ ಮೇ ತಿಂಗಳವರೆಗೆ ಅದೇ ದುಂಡು ತಲೆ, ಅದೇ ದುಂಡು ಬೆನ್ನು. ಚಕ್ರ ತಿರುಗಿಸುವುದಕ್ಕೆ ಗರಡಿಯಲ್ಲಿ ಸಾಮು ಮಾಡಿದ ತೋಳು ಬೇಕಿತ್ತು. ಎಣ್ಣೆಯನ್ನು ಧಾರಾಳವಾಗಿ ಕುಡಿಯುತ್ತಿತ್ತು. ಆದರೂ ಹಿಂದಿನ ಬಾಗಿಲು ತೆರೆದರೆ ಸೋಫಾದಂಥ ಸೀಟು, ನೆಟ್ಟಗೆ ಕುಳಿತರೂ ತಲೆಗೆ ತಾಗದ ಸೂರು. ಮುಡಿದ ಮಲ್ಲಿಗೆ ನಲುಗುತ್ತಿರಲಿಲ್ಲ, ಕಟ್ಟಿದ ಪೇಟ ಓರೆಯಾಗುತ್ತಿರಲಿಲ್ಲ. ಇನ್ನೊಂದು ಸಣ್ಣ ವಿಷಯವನ್ನು ಕೊಚ್ಚಿಯಲ್ಲಿರುವ ನಾವು ಮರೆಯಬಾರದು. ಅದರ ಬಾಗಿಲುಗಳ ಮೇಲೆ, ಸೂರಿನ ಅಂಚಿಗೆ, ಮಳೆನೀರು ಹರಿದುಹೋಗುವ ಸಣ್ಣ ದೋಣಿಯಿತ್ತು. ಜೂನ್ ತಿಂಗಳಲ್ಲಿ ಬಾಗಿಲು ತೆರೆದರೂ ನೀರು ಪಕ್ಕಕ್ಕೆ ಇಳಿಯುತ್ತಿತ್ತು. ಮೈಯೆಲ್ಲ ನುಣುಪಾಗಬೇಕೆಂಬ ಹಟದಲ್ಲಿ ಇಂದಿನ ಕಾರುಗಳು ಆ ದೋಣಿಯನ್ನು ತೆಗೆದುಹಾಕಿವೆ. ಮಳೆಯಲ್ಲಿ ಬಾಗಿಲು ತೆರೆದರೆ ಸೂರಿನ ಮೇಲಿನ ನೀರೆಲ್ಲ ಸೀಟಿನ ಮೇಲೆ ಅಭಿಷೇಕ. ಇಂಥ ಮಳೆಯ ನಾಡಿನಲ್ಲಿ ಈ ಒಂದು ಬದಲಾವಣೆಯನ್ನು ಪ್ರಗತಿಯೆಂದು ಕರೆಯಲು ನನ್ನ ಬಾಯಿ ಬಾರದು.

ಅಂಬಾಸಡರಿಗೆ ಎದುರಾಳಿಗಳೇ ಇರಲಿಲ್ಲ, ಲೈಸೆನ್ಸಿನ ಕಾಲದಲ್ಲಿ ಸಿಕ್ಕಿದ್ದನ್ನು ಕೊಳ್ಳಬೇಕಿತ್ತು, ಅದನ್ನು ರೂಪದ ಗೆಲುವು ಎನ್ನುವುದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಮನೆಗಳವರೆಲ್ಲ ಆ ಕಡೆ ತಿರುಗಿದ ಮೇಲೂ, ಬಾಡಿಗೆ ಕಾರಿನವರು ಮತ್ತು ಸರಕಾರದವರು ಅಂಬಾಸಡರನ್ನು ಬಹುಕಾಲ ಬಿಡಲಿಲ್ಲ. ಹಿಂದಿನ ಸೀಟಿನಿಂದಲೇ ಜೀವನ ಮಾಡುವವರು ಅವರಿಬ್ಬರೇ ಅಲ್ಲವೇ! ಆ ಮಾರುತಿಯೂ ಅಷ್ಟು ಪುಟ್ಟ ಗಾತ್ರದಲ್ಲೇ ನಾಲ್ಕು ಬಾಗಿಲನ್ನೂ ಹಿಂಬದಿಗೆ ಮೇಲೆತ್ತುವ ಐದನೆಯದನ್ನೂ ಇಟ್ಟುಕೊಂಡು ಬಂದಿತ್ತೆಂಬುದನ್ನು ಗಮನಿಸಬೇಕು.

ತಿರುವನಂತಪುರದಲ್ಲಿದ್ದವರು ಇನ್ನೊಂದು ಹಳೆಯ ಕಾರಿನ ಕಥೆಯನ್ನು ಬಲ್ಲರು. ತಿರುವಾಂಕೂರಿನ ರಾಜಮನೆತನದ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮರು 1950ರ ದಶಕದಲ್ಲಿ ಕೊಂಡು, ಬಾಳಿನುದ್ದಕ್ಕೂ ಕೈಬಿಡದೆ ಇಟ್ಟುಕೊಂಡಿದ್ದ ಮರ್ಸಿಡಿಸ್ ಬೆಂಜ್ 180. ಅದರ ಸಂಖ್ಯೆ ಸಿ.ಎ.ಎನ್. 42. ಇಂದಿನ ಕರ್ನಾಟಕದಲ್ಲಿ 12,000 ರೂಪಾಯಿಗೆ ಕೊಂಡದ್ದೆಂದು ಪತ್ರಿಕೆಗಳು ಬರೆದಾಗ ನಾವು ನಾಲ್ಕು ಜನ ಕನ್ನಡಿಗರು ಅದನ್ನೇ ಒಂದು ವಾರ ಮಾತನಾಡಿಕೊಂಡೆವು. ಅವರು 2013ರಲ್ಲಿ ತೀರಿಕೊಂಡರು. ಆ ಕಾರಿನ ಜಾತಿಗೆ ‘ಪಾಂಟನ್’ ಎಂದು ಹೆಸರು. ಅದಕ್ಕೆ ಹಿಂದಿನ ಕಾರುಗಳಲ್ಲಿ ಚಕ್ರದ ಮೇಲಿನ ಮಡ್‌ಗಾರ್ಡು ಬೇರೆ, ಹತ್ತುವ ಕಾಲುಹಲಗೆ ಬೇರೆ, ಮೈ ಬೇರೆ. 1953ರಲ್ಲಿ ಬಂದ ಈ ಮಾದರಿಯಲ್ಲಿ ಮಡ್‌ಗಾರ್ಡು ಮೈಯೊಳಗೇ ಸೇರಿಹೋಯಿತು. ಹೊರಗಿನ ಅಗಲವನ್ನು ಹೆಚ್ಚಿಸದೆ ಒಳಗಿನ ಅಗಲ ಹೆಚ್ಚಿತು. ಆಗಿನ ಜನಕ್ಕೆ ಅದು ಬೋಳಾಗಿ ಕಂಡಿರಬೇಕು. ಒಳಗೆ ಕುಳಿತವರ ಮೊಳಕೈಗಳು ಮಾತ್ರ ಆ ರೂಪವನ್ನು ಒಪ್ಪಿಕೊಂಡವು. ಅಂದದ ಬದಲಾವಣೆಯಲ್ಲಿ ಬಾಳಿಕೆ ಬರುವಂಥದು ಇದು. ಬಾಲದ ರೆಕ್ಕೆ ಹತ್ತು ಹದಿನೈದು ವರ್ಷಕ್ಕೇ ಉದುರಿಹೋಯಿತು, ಒಳಸೇರಿದ ಮಡ್‌ಗಾರ್ಡು ಇಂದಿಗೂ ಒಳಗೇ ಇದೆ.

ಅದೇ ತಿರುವನಂತಪುರದಲ್ಲಿ 1966ರಲ್ಲಿ ಕೆ.ಎ.ಬಿ. ಮೆನನ್ ಎಂಬ ಸಾಹಸಿ ತಮ್ಮ ಅರವಿಂದ್ ಆಟೊಮೊಬೈಲ್ಸ್‌ನಲ್ಲಿ ‘ಅರವಿಂದ್ ಬೇಬಿ’ ಎಂಬ ಕಾರನ್ನು ಕೈಯಿಂದಲೇ ಮಾಡಿಸಿದರು. ಸಾಮಾನ್ಯ ಜನರಿಗೆ ಎಟುಕುವ ಕಾರನ್ನು ಕೇರಳದಲ್ಲೇ ಮಾಡಬೇಕೆಂಬುದು ಅವರ ಆಸೆ. ಮಾರಾಟಕ್ಕೆ ಮಾಡಲು ಸರಕಾರದ ಲೈಸೆನ್ಸು ಸಿಗಲಿಲ್ಲ. ಅದರ ರೂಪ ಗೆಲ್ಲುತ್ತಿತ್ತೋ ಸೋಲುತ್ತಿತ್ತೋ ಹೇಳುವುದಕ್ಕೆ ಮೊದಲೇ ಪರೀಕ್ಷೆಯ ಕೊಠಡಿಯ ಬಾಗಿಲು ಮುಚ್ಚಿತು.

ಬಾಗಿಲು ತೆರೆದಿದ್ದೂ ಸೋತ ಕಥೆ ನಮ್ಮ ಬೆಂಗಳೂರಿನದು. ಅದನ್ನು ಹೇಳುವಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ. ನಮ್ಮದೆಂಬ ಅಭಿಮಾನ, ಕ್ಷಮಿಸಬೇಕು.

1982ರಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ‘ಡಾಲ್ಫಿನ್’ ಎಂಬ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಅಚ್ಚು. ಮೈ ಉಕ್ಕಿನದಲ್ಲ, ಫೈಬರ್ ಗ್ಲಾಸಿನದು. ಹಗುರವಾಗಿ ಚುರುಕಾಗಿ ಓಡುತ್ತಿತ್ತು. ಮೋಟಾರು ರ್‍ಯಾಲಿಗಳಲ್ಲಿ ಹೆಸರನ್ನೂ ಮಾಡಿತು. ಆದರೆ ಬಾಗಿಲು ಎರಡೇ. ಹಿಂದೆ ಕೂರಬೇಕಾದರೆ ಮುಂದಿನ ಸೀಟನ್ನು ಮಡಿಸಿ, ಮೈಯನ್ನು ಎರಡಾಗಿ ಬಗ್ಗಿಸಿ, ಸೀರೆಯನ್ನು ಒಂದು ಕೈಯಲ್ಲಿ ಎತ್ತಿಹಿಡಿದು ನುಸುಳಬೇಕು. ಮದುವೆ ಛತ್ರದ ಮುಂದೆ, ನೆಂಟರೆಲ್ಲ ನೋಡುತ್ತಿರುವಾಗ, ಹಾಗೆ ನುಸುಳಿಕೊಂಡು ಹೊರಬರುವುದನ್ನು ಯಾವ ಗೃಹಿಣಿ ಒಪ್ಪಿಯಾಳು? ಒಂದೂವರೆ ವರ್ಷದೊಳಗೆ ನಾಲ್ಕು ಬಾಗಿಲಿನ ಮಾರುತಿ ಬಂತು. ಸಿಪಾನಿಯವರು 1987ರಲ್ಲಿ ಹಿಂದಿನವರಿಗೂ ಬಾಗಿಲಿಟ್ಟು ‘ಮೊಂಟಾನ’ ಎಂಬುದನ್ನು ಮಾಡಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಅದಕ್ಕೂ ಮೊದಲು ಮದರಾಸಿನ ಸ್ಟಾಂಡರ್ಡ್ ಹೆರಾಲ್ಡ್ ಕಾರಿಗೂ ಇದೇ ಪಾಠವಾಗಿತ್ತು. ಇಟಲಿಯ ಮಿಕೆಲೊಟ್ಟಿ ಎಂಬ ಪ್ರಸಿದ್ಧ ಕಲಾವಿದ ಬರೆದ ರೂಪ, ನೋಡಲು ಬೊಂಬೆಯಂತಿತ್ತು, ಬಾಗಿಲು ಎರಡು. ಇಂಗ್ಲೆಂಡಿನಲ್ಲಿ ಎಂದೂ ಇಡದ ನಾಲ್ಕು ಬಾಗಿಲನ್ನು ಮುಂದೆ ಇಲ್ಲಿ ಇಡಬೇಕಾಯಿತು.

ಹಾಗಾದರೆ ಮೊದಲೇ ನಾಲ್ಕು ಬಾಗಿಲು ಏಕೆ ಇಡಲಿಲ್ಲ? ಇಲ್ಲಿ ನನ್ನ ಬಿ.ಕಾಂ. ಸ್ವಲ್ಪ ಕೆಲಸಕ್ಕೆ ಬರುತ್ತದೆ. ಉಕ್ಕಿನ ಹಾಳೆಯನ್ನು ಕಾರಿನ ಮೈಯಾಗಿ ಒತ್ತುವುದಕ್ಕೆ ದೊಡ್ಡ ದೊಡ್ಡ ಅಚ್ಚುಗಳು ಬೇಕು. ಒಂದೊಂದು ಭಾಗಕ್ಕೂ ಒಂದರ ಮೇಲೊಂದು ಹಲವು ಅಚ್ಚು. ಕೋಟಿಗಟ್ಟಲೆ ಹಣ. ಇದು ಲೆಕ್ಕಶಾಸ್ತ್ರದಲ್ಲಿ ಸ್ಥಿರ ವೆಚ್ಚವೆನಿಸಿಕೊಳ್ಳುತ್ತದೆ: ಒಂದು ಕಾರು ಮಾಡಿದರೂ ಅಷ್ಟೇ, ಲಕ್ಷ ಕಾರು ಮಾಡಿದರೂ ಅಷ್ಟೇ. ಲಕ್ಷದಿಂದ ಭಾಗಿಸಿದರೆ ಒಂದೊಂದು ಕಾರಿನ ಮೇಲೆ ಬೀಳುವ ಭಾರ ಹಗುರ. ಸಾವಿರದಿಂದ ಭಾಗಿಸಿದರೆ ಬೆನ್ನು ಮುರಿಯುತ್ತದೆ. ಬಂಡವಾಳ ಕಡಮೆಯಿರುವ ಸಣ್ಣ ಸಂಸ್ಥೆಗಳು ಫೈಬರ್, ಪ್ಲಾಸ್ಟಿಕ್ ಹಿಡಿಯುವುದು ಅದಕ್ಕಾಗಿ. ಅದರ ಅಚ್ಚು ಅಗ್ಗ. ಒಂದು ಬಾಗಿಲನ್ನು ಹೆಚ್ಚಿಗೆ ಇಡಬೇಕಾದರೆ ಗೋಡೆಗೆ ಕಿಟಕಿ ಕೊರೆದಂತಲ್ಲ. ನಡುವೆ ಗಟ್ಟಿ ಕಂಬ ಬೇಕು, ಕೀಲು, ಬೀಗ, ಗಾಜು, ಗಾಜಿನ ಯಂತ್ರ, ನೀರು ನುಗ್ಗದಂತೆ ಸುತ್ತ ರಬ್ಬರು ಬೇಕು; ಕಾರಿನ ಉದ್ದವೂ ಬೆಳೆಯಬೇಕು. ನಾವು ರೂಪದ ದೋಷವೆಂದು ಹೇಳುವುದರಲ್ಲಿ ಮುಕ್ಕಾಲು ಪಾಲು ಹೀಗೆ ಜಮಾಖರ್ಚಿನ ಪುಸ್ತಕದಲ್ಲೇ ಹುಟ್ಟಿರುತ್ತದೆ.

ಇನ್ನು ರೇವಾ. 1994ರಲ್ಲಿ ಅಮೆರಿಕದ ಸಂಸ್ಥೆಯೊಂದರ ಜೊತೆ ಸೇರಿ ಬೆಂಗಳೂರಿನ ಮೈನಿ ಮನೆತನದವರು ಆರಂಭಿಸಿದ ಕಂಪನಿ. ಚೇತನ್ ಮೈನಿಯವರ ಮುಂದಾಳುತನ. 2001ರಲ್ಲಿ ವಿದ್ಯುತ್ತಿನಿಂದ ಓಡುವ ಕಾರನ್ನು ಬೊಮ್ಮಸಂದ್ರದ ಕಾರ್ಖಾನೆಯಿಂದ ಹೊರಬಿಟ್ಟರು. ಇಡೀ ದೇಶದಲ್ಲಿ ವಿದ್ಯುತ್ ಕಾರೆಂದರೆ ಏನೆಂದು ಜನಕ್ಕೆ ಗೊತ್ತಿಲ್ಲದ ಕಾಲ! ಗೇರಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಮನೆಯ ಗೋಡೆಯ ಸಾಕೆಟ್ಟಿಗೆ ತಗುಲಿಸಿದರೆ ರಾತ್ರಿಯೊಳಗೆ ತುಂಬಿಕೊಂಡು ಸುಮಾರು 80 ಕಿಲೋಮೀಟರು ಓಡುವುದು. ಉಕ್ಕಿನ ಕೊಳವೆಗಳ ಹಂದರದ ಮೇಲೆ ಪ್ಲಾಸ್ಟಿಕ್ ಹಲಗೆಗಳು. ಸಣ್ಣಪುಟ್ಟ ತಾಕಿದರೆ ನೆಗ್ಗುತ್ತಿರಲಿಲ್ಲ. ಬುದ್ಧಿಗೆ ಒಂದು ಕೊರತೆಯೂ ಇರಲಿಲ್ಲ. ಆದರೆ ಉದ್ದ 2.6 ಮೀಟರು, ಅಗಲ 1.3 ಮೀಟರು, ಎತ್ತರ 1.5 ಮೀಟರು. ಅಗಲಕ್ಕಿಂತ ಎತ್ತರ ಹೆಚ್ಚು! ಮನುಷ್ಯರಾಗಲಿ ಕಾರಾಗಲಿ ಅಗಲಕ್ಕೆ ಕಾಲೂರಿ ನಿಂತರೆ ನಮಗೆ ಭರವಸೆ ಹುಟ್ಟುತ್ತದೆ. ಕಾಲು ಜೋಡಿಸಿಕೊಂಡು ನಿಂತರೆ ಈಗಲೋ ಆಗಲೋ ಬೀಳುವಂತೆ ಕಾಣುತ್ತದೆ. ರೇವಾ ಹಾಗೆ ನಿಂತಿತ್ತು. ಬಾಗಿಲು ಎರಡು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಎಂದು ಕಂಪನಿಯೇ ಹೇಳಿತು. ಅಂದರೆ ಅಜ್ಜಿಗೆ ಜಾಗವಿಲ್ಲವೆಂದು ಮೊದಲೇ ಒಪ್ಪಿಕೊಂಡಂತಾಯಿತು.

ಸ್ವಾರಸ್ಯವೆಂದರೆ ಅದೇ ಕಾರು 2004ರಿಂದ ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಬೀದಿ ಬೀದಿಯಲ್ಲಿ ಕಾಣಿಸಿತು. ನಗರದ ನಡುವೆ ಬರುವ ಕಾರುಗಳಿಗೆ 2003ರಲ್ಲಿ ಅಲ್ಲಿ ಸುಂಕ ಹಾಕಿದ್ದರು. ವಿದ್ಯುತ್ ಕಾರಿಗೆ ಆಗ ಆ ಸುಂಕವಿರಲಿಲ್ಲ. ಒಬ್ಬನೇ ಮನುಷ್ಯ ಕಛೇರಿಗೆ ಹೋಗಿಬರುವ ಊರಿನಲ್ಲಿ ಹಿಂದಿನ ಬಾಗಿಲನ್ನು ಕೇಳುವವರಾರು? ಬೆಂಗಳೂರಿನಲ್ಲಿ ಸೋತ ರೂಪ ಲಂಡನ್ನಿನಲ್ಲಿ ಅಷ್ಟರಮಟ್ಟಿಗೆ ಗೆದ್ದಿತು. ಅಲ್ಲಿಯೂ ಅಂದವನ್ನು ಹೊಗಳಿದವರಿಲ್ಲ, ನಕ್ಕವರೇ ಹೆಚ್ಚು. ಕಾನೂನಿನ ಪ್ರಕಾರ ಅದು ಪೂರ್ಣ ಕಾರಾಗಿರದೆ ಹಗುರ ನಾಲ್ಕು ಚಕ್ರದ ಬಂಡಿಯೆಂದು ಎಣಿಕೆಯಾಗಿದ್ದುದರಿಂದ, 2007ರಲ್ಲಿ ಒಂದು ಬ್ರಿಟಿಷ್ ಪತ್ರಿಕೆ ಅದನ್ನು ಗುದ್ದಿಸಿ ನೋಡಿ ಸುರಕ್ಷತೆಯ ಬಗ್ಗೆ ಗುಲ್ಲೆಬ್ಬಿಸಿತು. ಎಲ್ಲ ದೇಶಗಳಲ್ಲೂ ಸೇರಿ ಮಾರಿದ್ದು ಐದು ಸಾವಿರವನ್ನು ಮುಟ್ಟಲಿಲ್ಲ. ಬೆಲೆ, ಭಾರದ ಸೀಸದ ಬ್ಯಾಟರಿ, ಸರಕಾರದ ನೆರವಿನ ಕೊರತೆ ಇವೆಲ್ಲ ಕಾರಣಗಳೇ. ಪಾಪವನ್ನೆಲ್ಲ ಬಾಗಿಲಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ 2010ರಲ್ಲಿ ಮಹೀಂದ್ರಾ ಕಂಪನಿ ಅದನ್ನು ವಹಿಸಿಕೊಂಡು, 2013ರಲ್ಲಿ ‘ಇ2ಒ’ ಎಂಬ ದೊಡ್ಡ ಕಾರನ್ನು ತಂದಾಗಲೂ ಮತ್ತೆ ಎರಡೇ ಬಾಗಿಲು! ನಾಲ್ಕು ಬಾಗಿಲು ಬಂದದ್ದು 2016ರಲ್ಲಿ. 2019ಕ್ಕೆ ಅದೂ ನಿಂತಿತು. ಇಂದು ವಿದ್ಯುತ್ ಕಾರುಗಳು ಎಲ್ಲ ಊರಿನಲ್ಲೂ ಓಡಾಡುತ್ತಿವೆ. ಬಹಳ ಮೊದಲೇ ದಾರಿ ಹಿಡಿದವರು ನಮ್ಮವರು; ಆ ದಾರಿಯ ಫಲ ಉಂಡವರು ಬೇರೆ. ನನಗಿರುವ ಹೊಟ್ಟೆಯುರಿ ಇದೇ.

ನಾಲ್ಕು ಬಾಗಿಲಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಹೇಳುವಂತಿಲ್ಲ. ಟಾಟಾ ನ್ಯಾನೊ ಇದೆಯಲ್ಲ! 2008ರಲ್ಲಿ ತೋರಿಸಿ 2009ರಲ್ಲಿ ಮಾರಾಟಕ್ಕೆ ತಂದ ಆ ಕಾರಿಗೆ ಅಗಲವಾದ ನಾಲ್ಕು ಬಾಗಿಲು, ಎತ್ತರದ ಸೂರು. ಹಿಂದೆ ಕುಳಿತವರ ಮಂಡಿ ಎಲ್ಲಿಯೂ ತಾಗದು. ನನ್ನ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಅಂಕ ಪಡೆಯಬೇಕಿತ್ತು. ವರ್ಷಕ್ಕೆ 2,50,000 ಕಾರು ಮಾಡಬಲ್ಲ ಕಾರ್ಖಾನೆಯನ್ನು ಗುಜರಾತಿನ ಸಾನಂದದಲ್ಲಿ ಕಟ್ಟಿದರು. ಯಾವ ವರ್ಷವೂ ಮಾರಾಟ 1,00,000 ಮುಟ್ಟಲಿಲ್ಲ. 2018ರಲ್ಲಿ ಕಥೆ ಮುಗಿಯಿತು. ಎಲ್ಲಿ ತಪ್ಪಿತು? ಒಂದು ಕಾರಣ ಕಣ್ಣಿಗೆ ಕಾಣುವಂಥದು: ಹಿಂಬದಿಯಲ್ಲಿ ಸಾಮಾನು ಇಡುವ ಬಾಗಿಲಿನ ಆಕಾರವಿತ್ತು, ಅದು ತೆರೆಯುತ್ತಿರಲಿಲ್ಲ. ಎಂಜಿನು ಹಿಂದಿತ್ತು. ಪೆಟ್ಟಿಗೆ ಇಡಬೇಕಾದರೆ ಸೀಟು ಮಡಿಸಿ ಒಳಗಿನಿಂದ ತುರುಕಬೇಕು. ತೆರೆಯುವ ಬಾಗಿಲು ಬಂದದ್ದು 2015ರಲ್ಲಿ. ಎರ್ನಾಕುಳದಿಂದ ಕುಂದಾಪುರಕ್ಕೆ ಹೋಗಿ, ಬರುವಾಗ ಒಂದು ಮುಡಿ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿಯ ಭರಣಿ, ಹಲಸಿನ ಹಪ್ಪಳದ ಕಟ್ಟು, ನಾಲ್ಕು ತೆಂಗಿನಕಾಯಿ (ಕೇರಳಕ್ಕೆ ತೆಂಗಿನಕಾಯಿ ಹೊರುವುದು ಹಾಸ್ಯವೆಂದು ನನಗೂ ಗೊತ್ತು, ಅಮ್ಮಂದಿರಿಗೆ ಹೇಳುವವರಾರು?) ಇಷ್ಟನ್ನು ತರಬೇಕಾದ ನಮ್ಮಂಥವರು ತೆರೆಯದ ಆ ಬಾಗಿಲನ್ನು ನೋಡಿ ಏನೆಂದುಕೊಂಡೇವು?

ಎರಡನೆಯ ಕಾರಣ ಕಣ್ಣಿಗೆ ಕಾಣದ್ದು. ಒಂದು ಲಕ್ಷದ ಕಾರು, ಎಲ್ಲಕ್ಕಿಂತ ಅಗ್ಗದ ಕಾರು ಎಂದು ಊರೆಲ್ಲ ಡಂಗುರವಾಯಿತು. ಗಾಜು ಒರೆಸುವ ಕಡ್ಡಿ ಒಂದೇ, ಚಕ್ರಕ್ಕೆ ಮೂರೇ ನಟ್ಟು ಎಂಬುದನ್ನು ಜನ ಎಣಿಸಿ ಎಣಿಸಿ ಹೇಳಿದರು. ಆ ಪ್ರಚಾರದಿಂದ ಪೆಟ್ಟು ಬಿತ್ತೆಂದು ರತನ್ ಟಾಟಾ ಅವರೇ ಮುಂದೆ ಹೇಳಿದ್ದುಂಟು. ನಮ್ಮ ಮೇಜಿನ ಎದುರಿಗೆ ಕುಳಿತವರೂ ಹಾಗೆಯೇ. ಬಡವನೆಂದು ಬರೆದ ಅಂಗಿಯನ್ನು ಪುಕ್ಕಟೆ ಕೊಟ್ಟರೂ ಯಾರೂ ತೊಡುವುದಿಲ್ಲ. ಇನ್ನು ಸಾಲ ಮಾಡಿ ಕೊಂಡಾರೆಯೇ?

ಗೆಲುವಿನ ಕಥೆಯೂ ನಮ್ಮ ನಾಡಿನಲ್ಲೇ ಇದೆ, ಬಿಡದಿಯಲ್ಲಿ. ಬೆಂಗಳೂರು ಮೈಸೂರು ದಾರಿಯಲ್ಲಿ ತಟ್ಟೆ ಇಡ್ಲಿಗೆ ಹೆಸರಾದ ಊರು. 1997ರಲ್ಲಿ ಅಲ್ಲಿ ನೆಲೆಯೂರಿದ ಟೊಯೋಟ ಕಿರ್ಲೋಸ್ಕರ್ ಕಂಪನಿ 2000ದಲ್ಲಿ ತಂದ ಮೊದಲ ಬಂಡಿ ‘ಕ್ವಾಲಿಸ್’. ರೂಪವೆಂದರೆ ಅಕ್ಕಿಯ ಡಬ್ಬಕ್ಕೆ ಚಕ್ರ ಹಾಕಿದಂತೆ. ಬೇರೆ ದೇಶದಲ್ಲಿ ಹಳೆಯದಾದ ಮಾದರಿಯನ್ನು ನಮ್ಮ ತಲೆಗೆ ಕಟ್ಟಿದರೆಂದು ತಿಳಿದವರು ಮೂಗು ಮುರಿದರು. ಜನ ಮೂಗು ಮುರಿಯಲಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಧರ್ಮಸ್ಥಳಕ್ಕೂ ಗುರುವಾಯೂರಿಗೂ ಹೋಗಿಬರಬಹುದಾದ ಬಂಡಿ ಅದು. 2005ರಲ್ಲಿ ಅದನ್ನು ನಿಲ್ಲಿಸಿ ‘ಇನ್ನೋವಾ’ ತಂದರು. ಮೂರು ಸಾಲು ಸೀಟು, ಮೂರನೆಯ ಸಾಲಿನವರೂ ಮುಂದಕ್ಕೆ ಮುಖಮಾಡಿಯೇ ಕುಳಿತುಕೊಳ್ಳಬಹುದು. ಇವತ್ತು ನೆಡುಂಬಾಶ್ಶೇರಿ ವಿಮಾನ ನಿಲ್ದಾಣದ ಹೊರಗೆ ಹತ್ತು ನಿಮಿಷ ನಿಂತರೆ ಬಿಡದಿಯ ಎಷ್ಟು ಮಕ್ಕಳು ಕಾಣಸಿಗುತ್ತಾರೆಂದು ನೀವೇ ಎಣಿಸಬಹುದು. ನವೆಂಬರ್ 1 ಕನ್ನಡನಾಡಿಗೂ ಕೇರಳಕ್ಕೂ ಒಂದೇ ಹುಟ್ಟುಹಬ್ಬ, ಇಬ್ಬರೂ 1956ರಲ್ಲಿ ಹುಟ್ಟಿದವರು. ಇನ್ನೋವಾದ ವಿಷಯದಲ್ಲಿಯೂ ಇಬ್ಬರ ರುಚಿ ಒಂದೇ ಆಗಿದೆ. ಆ ಕಾರನ್ನು ಚೆಲುವಿನ ಪುತ್ಥಳಿಯೆಂದು ಯಾರೂ ಹೇಳಲಾರರು. ಆದರೆ ಅದರಿಂದ ಇಳಿಯುವವರು ಚೆನ್ನಾಗಿ ಕಾಣುತ್ತಾರೆ.

ಈಗಿನ ಸಂಗತಿಗೆ ಬರೋಣ. ಈಗಿನ ಕೊಳ್ಳುವವರಿಗೆ ಎತ್ತರದ ಕಾರಿನ ಮೋಹ. ಬಾನೆಟ್ಟು ಎದೆಯುಬ್ಬಿಸಿ ನಿಂತಿರಬೇಕು, ಮುಂಭಾಗ ಹುಬ್ಬು ಗಂಟಿಕ್ಕಿರಬೇಕು. ಕಿಟಕಿಯ ಕೆಳಗಂಚು ಮುಂದಿನಿಂದ ಹಿಂದಕ್ಕೆ ಮೇಲೇರುತ್ತ ಹೋಗಬೇಕು. ಅದರಿಂದ ಕಾರು ನಿಂತಲ್ಲೇ ಓಡುವಂತೆ ಕಾಣುತ್ತದೆ, ನಿಜ. ಹಿಂದೆ ಕುಳಿತ ಮಗುವಿಗೆ ಮಾತ್ರ ಹೊರಗಿನ ಪ್ರಪಂಚ ಕಾಣುವುದಿಲ್ಲ. ವಾಂತಿಯಾಗುವ ಮಕ್ಕಳಿರುವ ಮನೆಯವರು ಇದನ್ನು ಬಲ್ಲರು. ಹೊರಗಡೆ ಇಷ್ಟು ದೊಡ್ಡ ಕಾರು, ಮಟ್ಟಾಂಚೇರಿಯ ಓಣಿಯಲ್ಲಿ ಎದುರುಬದುರಾದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಇದಕ್ಕೆಲ್ಲ ಏಳು ವರ್ಷದ ಕಂತು. ಕಾರಿನ ಬೆಲೆ ಅಂಗಡಿಯಿಂದ ಹೊರಬಂದ ದಿನದಿಂದ ಇಳಿಯುತ್ತದೆ, ಕಂತು ಇಳಿಯುವುದಿಲ್ಲ. ಮೂರನೆಯ ವರ್ಷಕ್ಕೆ ಅದೇ ಕಾರಿಗೆ ಹೊಸ ಮುಖ ಬರುತ್ತದೆ. ನಾಲ್ಕು ವರ್ಷದ ಸಾಲ ಬಾಕಿಯಿರುವಾಗಲೇ ನಮ್ಮದು ಹಳೆಯ ಮುಖವಾಗುತ್ತದೆ. ಮುಖಕ್ಕಾಗಿ ಕೊಂಡವರಿಗೆ ಆ ನಾಲ್ಕು ವರ್ಷ ಬಹಳ ಉದ್ದ. ಇದನ್ನು ಸಾಲ ಕೊಡುವವನೇ ಹೇಳಬಾರದೇನೊ. ನಮ್ಮ ಮ್ಯಾನೇಜರು ಈ ಸಭೆಯಲ್ಲಿಲ್ಲ, ಧೈರ್ಯವಾಗಿ ಹೇಳಿದ್ದೇನೆ.

ನಿಯಮಗಳಿಗೆ ಅಪವಾದವೂ ಹುಟ್ಟುತ್ತಿದೆ. 2023ರಲ್ಲಿ ‘ಎಂ.ಜಿ. ಕಾಮೆಟ್’ ಎಂಬ ವಿದ್ಯುತ್ ಕಾರು ಬಂತು. ಮೂರು ಮೀಟರಿಗೂ ಕಡಮೆ ಉದ್ದ, ಮತ್ತೆ ಎರಡೇ ಬಾಗಿಲು. ಇದೂ ಡಾಲ್ಫಿನ್ನಿನ ದಾರಿಯೇ ಎಂದುಕೊಂಡಿದ್ದೆ. ಕೊಳ್ಳಲು ಬಂದವರನ್ನು ವಿಚಾರಿಸಿದರೆ ಮನೆಯಲ್ಲಿ ದೊಡ್ಡದೊಂದು ಆಗಲೇ ಇದೆ. ಇದು ಮಗಳು ಕಾಕ್ಕನಾಡಿಗೆ ಕೆಲಸಕ್ಕೆ ಹೋಗಿಬರಲು. ಲಂಡನ್ನಿನ ಒಂಟಿ ಸವಾರ ಈಗ ನಮ್ಮ ಮನೆಗಳಲ್ಲೂ ಹುಟ್ಟಿಕೊಂಡಿದ್ದಾನೆ. ರೇವಾ ಇಪ್ಪತ್ತು ವರ್ಷ ತಡವಾಗಿ ಬಂದಿದ್ದರೆ ಏನಾಗುತ್ತಿತ್ತೋ!

ಕೊನೆಯದಾಗಿ ಕೊಚ್ಚಿಯ ಒಂದು ಬಾಗಿಲಿನ ಮಾತು. ಅದು ಕಾರಿನದಲ್ಲ. 2023ರ ಏಪ್ರಿಲಿನಲ್ಲಿ ಆರಂಭವಾದ ಜಲಮೆಟ್ರೊ ದೋಣಿಯಲ್ಲಿ ನೀವೆಲ್ಲ ಹೋಗಿದ್ದೀರಿ. ಅದನ್ನು ಕಟ್ಟಿದವರು ಇಲ್ಲಿಯ ಹಡಗು ಕಾರ್ಖಾನೆಯವರು. ಕಾಯಲಿನ ನೀರು ಭರತದಲ್ಲಿ ಏರುತ್ತದೆ, ಇಳಿತದಲ್ಲಿ ತಗ್ಗುತ್ತದೆ. ಹಳೆಯ ಕಟ್ಟೆಗಳಲ್ಲಿ ದೋಣಿ ಒಮ್ಮೆ ಮೊಣಕಾಲೆತ್ತರ ಕೆಳಗಿರುತ್ತಿತ್ತು. ವಯಸ್ಸಾದವರು ದೇವರ ಹೆಸರು ಹೇಳಿ ಕಾಲಿಡುತ್ತಿದ್ದರು. ಈಗ ನಾವು ನಿಲ್ಲುವ ಕಟ್ಟೆಯೂ ತೇಲುತ್ತದೆ. ನೀರು ಏರಿದರೆ ದೋಣಿಯೂ ಕಟ್ಟೆಯೂ ಒಟ್ಟಿಗೆ ಏರುತ್ತವೆ. ಬಾಗಿಲಿನ ಹೊಸ್ತಿಲು ಕಟ್ಟೆಗೆ ಸಮವಾಗಿಯೇ ಉಳಿಯುತ್ತದೆ. ಗಾಲಿಕುರ್ಚಿಯವರೂ ತಡವರಿಸದೆ ಒಳಗೆ ಹೋಗುತ್ತಾರೆ. ಹೀಗೆ ತೇಲುವ ಕಟ್ಟೆಗೂ ‘ಪಾಂಟೂನ್’ ಎಂದೇ ಹೆಸರೆಂದು ತಿಳಿದಾಗ ತಿರುವನಂತಪುರದ ಆ ಹಳೆಯ ಬೆಂಜ್ ನೆನಪಾಗಿ ನಗು ಬಂತು.

ನನ್ನ ತಾಯಿಯವರಿಗೆ ಮಂಡಿನೋವು. ಜಲಮೆಟ್ರೊ ಹತ್ತಿಬಂದ ದಿನ ಅವರು, “ಇಷ್ಟು ಸುಲಭದ ಕಾರು ಸಿಕ್ಕರೆ ತಗೊ” ಎಂದರು. ಅದರ ಮರುದಿನ ನಾನು ಒಂದು ಅಳತೆಯ ಟೇಪು ತೆಗೆದುಕೊಂಡೆ. ಮನೆಯಲ್ಲಿ ಅವರು ಯಾರ ಕೈಯನ್ನೂ ಹಿಡಿಯದೆ ಏಳುವ ಕುರ್ಚಿಯೊಂದಿದೆ. ಅದರ ಎತ್ತರ ನೆಲದಿಂದ 21 ಅಂಗುಲ. ಅದನ್ನು ಬರೆದುಕೊಂಡು ಎರಡು ಭಾನುವಾರ ಕಾರಿನ ಅಂಗಡಿಗಳನ್ನು ಸುತ್ತಿದೆವು. ಒಂದರಲ್ಲಿ ಹಿಂದಿನ ಸೀಟು 29 ಅಂಗುಲ. ಅಮ್ಮ ಬಾಗಿಲಿನ ಹಿಡಿ ಹಿಡಿದುಕೊಂಡು ಬಸ್ಸು ಹತ್ತುವಂತೆ ಹತ್ತಬೇಕಾಯಿತು. ಇನ್ನೊಂದರಲ್ಲಿ 18 ಅಂಗುಲ, ಕೂತರೆ ಬಾವಿಗಿಳಿದಂತೆ. ಮೂರನೆಯದರಲ್ಲಿ ಸೀಟಿನ ಎತ್ತರ ಸರಿಯಿತ್ತು, ಇಳಿಜಾರಿನ ಸೂರು ತಲೆಗೆ ತಾಗಿತು. ಮಾರುವ ಹುಡುಗ ಸಭ್ಯ; ದೀಪ, ಪರದೆ, ಹಾಡಿನ ಪೆಟ್ಟಿಗೆ ಎಲ್ಲವನ್ನೂ ತೋರಿಸುತ್ತಿದ್ದವನು ನನ್ನ ಟೇಪು ಕಂಡು ಮೌನವಾದ. ಆಮೇಲೆ ತಾನೇ ತುದಿ ಹಿಡಿದುಕೊಂಡು ಅಳೆಯಲು ಸಹಾಯ ಮಾಡಿದ. ನಾಲ್ಕನೆಯದು 22 ಅಂಗುಲ. ಬಾಗಿಲು ಹೆಚ್ಚುಕಡಮೆ ನೇರವಾಗಿ ನಿಲ್ಲುವಷ್ಟು ತೆರೆಯಿತು. ಅಮ್ಮ ಬೆನ್ನು ತಿರುಗಿಸಿ ಕುಳಿತು, ಎರಡು ಕಾಲನ್ನೂ ಒಳಗೆಳೆದುಕೊಂಡು, ಕಿಟಕಿಯಿಂದ ಹೊರಗೆ ನೋಡಿ, “ಬಣ್ಣ ಏನಾದರಾಗಲಿ” ಎಂದರು. ನೋಡಲು ಅದು ಸಾಧಾರಣ ಕಾರು. ಪಕ್ಕದ ಮನೆಯವರು ತಿರುಗಿ ನೋಡುವಂಥದಲ್ಲ.

ಸಾಲದ ಅರ್ಜಿಯನ್ನು ಇನ್ನೂ ಬರೆದಿಲ್ಲ. ತುಳಸಿಪೂಜೆ ಕಳೆಯಲಿ ಎಂದಿದ್ದಾರೆ. ಟೇಪು ನನ್ನ ಚೀಲದಲ್ಲೇ ಇದೆ. ಬೇಕಾದವರು ಸಭೆ ಮುಗಿದ ಮೇಲೆ ಕೇಳಿ ತೆಗೆದುಕೊಂಡು ಹೋಗಬಹುದು.